ಬ್ಯಾಂಡೇಜ್ ಪಟ್ಟಿಯ ಇನ್ನೊಂದು ತುದಿ

ಜೂನ್ 4

ತಾತನ ಕಣ್ಣಿನ ಕ್ಲಿನಿಕ್ ಖಾಲಿ ಮಾಡುವ ಕೆಲಸ, ಮೂರನೇ ದಿನ. ತಾತ ಹೋಗಿ ತಿಂಗಳಾಗುತ್ತಾ ಬಂತು. ಅಮ್ಮ ಇವತ್ತೂ ಬರಲಿಲ್ಲ. ‘ನೀನೇ ಮಾಡು, ನಂಗೆ ಆ ಜಾಗ ಬೇಡ’ ಅಂದಳು. ಲೆನ್ಸ್ ಪೆಟ್ಟಿಗೆ, ಟಾರ್ಚು, ಗೋಡೆಯ ಅಕ್ಷರದ ಬೋರ್ಡು, ಎಲ್ಲ ಕಟ್ಟಿಟ್ಟೆ. ಹಿಂದಿನ ರೂಮಿನ ಮೊಳೆಯಲ್ಲಿ ಸ್ಕಿಪ್ಪಿಂಗ್ ಹಗ್ಗ ಇನ್ನೂ ನೇತಾಡುತ್ತಿದೆ.

ಒಬ್ಬಳೇ ನಕ್ಕೆ. ರೋಗಿಗಳಿಗೆ ಡ್ರಾಪ್ಸ್ ಹಾಕಿ, ‘ಅರ್ಧ ಗಂಟೆ ಕಣ್ಣು ಮುಚ್ಚಿ ಕೂತ್ಕೊಳ್ಳಿ’ ಅಂದು, ತಾತ ಒಳಗೆ ಹೋಗಿ ಶುರು ಮಾಡುತ್ತಿದ್ದ. ಥಪ್ ಥಪ್ ಥಪ್. ಹೊರಗೆ ಸಾಲಾಗಿ ಕಣ್ಣು ಮುಚ್ಚಿ ಕೂತವರು ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಬಡಿಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ಇದೇ ಕಥೆ. ಬೆಳಿಗ್ಗೆ ಐದೂವರೆಗೆ ಸ್ಕೂಲ್ ಮೈದಾನದಲ್ಲಿ ಎಂಟು ಸುತ್ತು ಬೇರೆ. ರಜೆಗೆ ಬಂದ ನನ್ನನ್ನೂ ಎಬ್ಬಿಸಿ ಎಳೆದುಕೊಂಡು ಹೋಗುತ್ತಿದ್ದ. ‘ಓಡದವರ ಕಣ್ಣು ಬೇಗ ಮುದಿಯಾಗುತ್ತೆ’ — ಯಾವ ಪುಸ್ತಕದಲ್ಲೂ ಇಲ್ಲದ ವೈದ್ಯಶಾಸ್ತ್ರ. ಎರಡನೇ ಸುತ್ತಿಗೇ ನಾನು ಹುಲ್ಲಿನ ಮೇಲೆ ಬಿದ್ದಿರುತ್ತಿದ್ದೆ. ಆ ಬೆಳಗುಗಳು ಈಗ ಬೇಕು. ಎಂಟು ಸುತ್ತೂ ಓಡುತ್ತೇನೆ, ಗೊಣಗದೆ.

ಜೂನ್ 5

ಸ್ಕಿಪ್ಪಿಂಗ್ ಹಗ್ಗದ ವಿಷಯ ತೆಗೆದೆ. ಅಮ್ಮ ನಗಲಿಲ್ಲ. ಹಳೇ ಗಾಯ... ಎರಡು ವರ್ಷದ ಹಿಂದೆ ತಾತನೇ ಅವಳ ಕಣ್ಣಿನ ಪೊರೆ ತೆಗೆಯಬೇಕಿತ್ತು. ದಿನವೂ ಗೊತ್ತಾಗಿತ್ತು. ಹಿಂದಿನ ದಿನ ಪರೀಕ್ಷೆ ಮಾಡುತ್ತಾ ಮಾಡುತ್ತಾ ತಾತ ಎದ್ದುಬಿಟ್ಟ. ‘ನಂಗೆ ವಯಸ್ಸಾಯ್ತು. ಬೇರೆಯವರ ಹತ್ರ ಮಾಡಿಸ್ಕೋ.’

‘ಹಿಂದಿನ ವಾರದವರೆಗೂ ಊರಿಗೆಲ್ಲ ಮಾಡಿದ. ನನ್ನ ಸರದಿ ಬಂದಾಗ ವಯಸ್ಸಾಯ್ತಾ? ಮಾರನೇ ದಿನ ಓಡೋಕೆ ಹೋದ್ನಲ್ಲ, ಆಗ ಆಗಿರ್ಲಿಲ್ವಾ?’ ಅಂದಳು ಅಮ್ಮ.

ಆಮೇಲೆ ಅವಳು ನೋಡಲು ಬಂದಾಗೆಲ್ಲ ತಾತ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕೂರುತ್ತಿದ್ದ. ನಾನೇ ಕಂಡಿದ್ದೇನೆ. ಕಿಟಕಿ ಕಡೆ ಮುಖ. ಅಮ್ಮನೂ ಕಡಿಮೆ ಹಟದವಳಲ್ಲ, ಅಪ್ಪನಿಗೆ ತಕ್ಕ ಮಗಳು. ಮಾತು ‘ಊಟ ಆಯ್ತಾ’ಗೆ ಇಳಿದು ಅಲ್ಲೇ ನಿಂತಿತು.

ಜೂನ್ 9

ಶೂ ಚೀಲದಲ್ಲಿ ಬ್ಯಾಂಡೇಜ್ ಪಟ್ಟಿ ಸಿಕ್ಕಿತು. ಎರಡು ತುದಿಗೂ ಕೈ ತೂರುವಷ್ಟು ಕುಣಿಕೆ. ತಾತನೂ ಊರಿನ ಟೈಲರ್ ಮಾಮನೂ ಓಡುವಾಗ ಒಂದೊಂದು ತುದಿ ಕೈಗೆ ಕಟ್ಟಿಕೊಳ್ಳುತ್ತಿದ್ದದ್ದು. ಮಾಮ ತೋರಿಸಲು ಬಂದಾಗಲೇ ತಡವಾಗಿತ್ತು, ಎರಡು ಕಣ್ಣೂ ಹೋದವು. ‘ಕಣ್ಣು ಉಳಿಸೋಕಾಗ್ಲಿಲ್ಲ, ಕಾಲಾದ್ರೂ ಉಳಿಸೋಣ ಬಾರಯ್ಯ’ ಅಂತ ತಾತ ಮೈದಾನಕ್ಕೆ ಎಳೆದ. ಹದಿನೈದು ವರ್ಷ ಓಡಿದರು. ಪಟ್ಟಿ ಅವರಿಗೇ ಸೇರಬೇಕು. ನಾಳೆ ಕೊಟ್ಟು ಬರುತ್ತೇನೆ.

ಜೂನ್ 10, ಬೆಳಿಗ್ಗೆ 7

ಮಾಮ ಮೈದಾನದ ಗೇಟಿನಲ್ಲೇ ನಿಂತಿದ್ದರು. ಈಗಲೂ ದಿನಾ ಬರುತ್ತಾರಂತೆ. ಪಟ್ಟಿ ಕೊಟ್ಟೆ. ಬೆರಳಲ್ಲಿ ಸವರಿ ಗಂಟು ಹುಡುಕಿದರು.

‘ಕೊನೇ ಎರಡು ವರ್ಷ ನಾನೇ ಓಡಿಸ್ತಿದ್ದೆ ಕಣಮ್ಮಾ, ಡಾಕ್ಟ್ರನ್ನ.’

ತಮಾಷೆ ಅಂದುಕೊಂಡೆ.

‘ಅವ್ರಿಗೆ ಎದುರಿಗಿರೋದು ಕಾಣ್ತಿರ್ಲಿಲ್ಲ. ನೋಟದ ನಡುಭಾಗವೇ ಹೋಗಿತ್ತು, ಸುತ್ತ ಮಾತ್ರ ಕಾಣೋದು. ನಂಗೆ ಇಲ್ಲಿನ ಗುಂಡಿಯೆಲ್ಲ ಕಾಲಿಗೇ ಗೊತ್ತು.’

ಅದು ತಾತನಿಗೆ ಖಚಿತವಾದದ್ದೇ ಅಮ್ಮನ ಕಣ್ಣು ನೋಡುವಾಗಂತೆ. ಅವತ್ತಿಗೇ ಆಪರೇಷನ್ ನಿಲ್ಲಿಸಿದ.

‘ಮನೇಲಿ ಹೇಳಿ ಅಂದೆ. ಹೇಳಿದ್ರೆ ಊರಿಗೆ ಗೊತ್ತಾಗುತ್ತೆ, ನನ್ ಹತ್ರ ಮಾಡಿಸ್ಕೊಂಡೋರೆಲ್ಲ ನಮ್ ಆಪರೇಷನ್ನೂ ಕಣ್ಣು ಕಾಣ್ದೇ ಮಾಡಿದ್ನಾ ಅಂತ ಹೆದರ್ತಾರೆ ಅಂದ್ರು. ಒಂದೇ ಸಂಕಟ ಅವ್ರಿಗೆ. ಮಗಳನ್ನ ನೇರ ನೋಡಿದ್ರೆ ಮುಖದ ಜಾಗದಲ್ಲಿ ಮಸಿ. ಪಕ್ಕಕ್ಕೆ ತಿರುಗಿದ್ರೇನೇ ಕಾಣೋದು.’

ಅಂದರೆ ಆ ಎರಡು ವರ್ಷವೂ, ಕಿಟಕಿ ಕಡೆ ಮುಖ ಮಾಡಿ, ತಾತ ಅಮ್ಮನನ್ನು ನೋಡುತ್ತಿದ್ದ.

ನನ್ನನ್ನು ಕೂರಿಸಿಕೊಂಡು ಪೇಪರ್ ಓದಿಸುತ್ತಿದ್ದ. ನನ್ನ ಉಚ್ಚಾರ ತಿದ್ದಲು ಅಂದುಕೊಂಡಿದ್ದೆ. ದಡ್ಡಿ.

ಅಮ್ಮನಿಗೆ ಹೇಗೆ ಹೇಳಲಿ... ಕೋಪವಾದರೂ ಅವಳ ಜೊತೆಗಿದೆ. ಇದನ್ನು ಕೇಳಿದರೆ ಅದೂ ಇರುವುದಿಲ್ಲ.

ಜೂನ್ 13

ಹೇಳಿದೆ. ಮೂರು ದಿನ ಬೇಕಾಯಿತು ಬಾಯಿ ಬಿಡಲು. ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಮಡಿಸಿಟ್ಟ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದಳು.

‘ಅಪ್ಪ ಮುಖ ತಿರುಗಿಸ್ದಾಗೆಲ್ಲ ನಾನೂ ತಿರುಗಿಸ್ಕೋತಿದ್ದೆ ಕಣೇ. ಅವನಿಗೆ ಏನು ಕಾಣಿಸ್ತೋ...’

ಇಬ್ಬರೂ ಅತ್ತೆವು. ಅನ್ನ ಸೀದುಹೋಯಿತು.

ಜೂನ್ 14, ಬೆಳಿಗ್ಗೆ 5.10

ಅಮ್ಮ ನನಗಿಂತ ಮೊದಲೇ ಎದ್ದಿದ್ದಾಳೆ. ಎರಡೆರಡು ಕಾಲುಚೀಲ ಹಾಕಿ, ಒಳಗೆ ಪೇಪರ್ ತುರುಕಿ, ತಾತನ ಶೂ ಬಿಗಿದುಕೊಂಡಿದ್ದಾಳೆ. ಬಸ್ಸಿಗೂ ಓಡದವಳು. ‘ಒಂದು ಸುತ್ತಾದ್ರೂ ಆಗುತ್ತಾ ನಿಂಗೆ?’ ಅಂದೆ. ‘ಟೈಲರಣ್ಣ ಓಡಿಸ್ತಾರೆ’ ಅಂದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ, ‘ಅಪ್ಪ ಪಟ್ಟೀನ ಯಾವ ಕೈಗೆ ಕಟ್ಕೋತಿದ್ದ?’ ಬಲಗೈ ಇರಬೇಕು. ಇಲ್ಲ, ತಾತ ಯಾವಾಗಲೂ ಹೊರಸುತ್ತಿನಲ್ಲಿ, ಹಾಗಾದರೆ ಎಡ —