ನೀಲವ್ವನ ಕಾಲು ಉಳಿಸಿದ ನುಂಗುಳಿ

ರಾಯಚೂರು, ಫೆಬ್ರವರಿ ೩೦, ೨೧೮೭

ಒಂದೂವರೆ ಶತಮಾನದ ಹಿಂದಿನ ವಾರ್ಡುಗಳಲ್ಲಿ ದುಡಿಯುತ್ತಿರುವ ಅಕ್ಕಂದಿರೇ, ಅಣ್ಣಂದಿರೇ,

ನಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇದೆ. ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಕೆಲವು ಮಾತುಗಳೂ ಹಾಗೆಯೇ ಅನಿಸಬಹುದು. ನಾನು ಗಂಗಮಾಳವ್ವ, ಇಲ್ಲಿನ ಆಸ್ಪತ್ರೆಯ ದಾದಿ. ಈ ತಿಂಗಳು ನಡೆದದ್ದನ್ನು ನಿಮಗೇ ಹೇಳಬೇಕೆನಿಸಿತು.

ನೀಲವ್ವ ಸೇತುವೆ ಕೆಲಸದಲ್ಲಿ ಕ್ರೇನ್ ನಡೆಸುವಾಕೆ. ಬಿದ್ದು ಮೊಣಕಾಲು ಮುರಿದುಕೊಂಡು ಬಂದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಐದನೆಯ ದಿನ ಪಟ್ಟಿ ಬಿಚ್ಚಿದರೆ ಹೊಲಿಗೆಯ ಸುತ್ತ ಕೀವು. ಸೋಂಕು ನಮ್ಮ ವಾರ್ಡಿನದೇ. ಯಾವ ಔಷಧಕ್ಕೂ ಬಗ್ಗದ, ನಿಮ್ಮ ಕಾಲದಿಂದ ಉಳಿದುಬಂದ ರೋಗಾಣು. ವಾಸಿಯಾಗಲು ಬಂದವಳಿಗೆ ನಾವೇ ಕಾಯಿಲೆ ಕೊಟ್ಟೆವಲ್ಲ ಎಂದು ನನಗೆ ತಲೆ ಎತ್ತಲಾಗಲಿಲ್ಲ. ಮುಚ್ಚಿಡದೆ ಅವಳಿಗೆ ಹೇಳಿಬಿಟ್ಟೆ.

ಇಂಥದಕ್ಕೆ ನಾವು ನುಂಗುಳಿ ಕೊಡುತ್ತೇವೆ. ರೋಗಾಣುವಿನೊಳಗೆ ಹೊಕ್ಕು ಅದನ್ನು ಒಡೆದುಹಾಕುವ, ಮನುಷ್ಯರ ತಂಟೆಗೆ ಬಾರದ ವೈರಸ್ಸು ಅದು. ಒಂದೊಂದು ರೋಗಾಣುವಿಗೂ ಬೇರೆಯದೇ ನುಂಗುಳಿ ಬೇಕು. ಊರೂರಿನ ನುಂಗುಳಿಮನೆಗಳಲ್ಲಿ ಅವನ್ನು ಶೀಶೆಗಳಲ್ಲಿ ಕಾಪಾಡಿರುತ್ತಾರೆ. ಬೆಳಗ್ಗೆ ಹಾಲಿನ ಗಾಡಿಯ ಹಿಂದೆಯೇ ಅವರ ಗಾಡಿಯೂ ಬರುತ್ತದೆ. ಆದರೆ ಮುನ್ನೂರು ಶೀಶೆಗಳಲ್ಲಿ ಒಂದೂ ನೀಲವ್ವನ ರೋಗಾಣುವಿಗೆ ಹೊಂದಲಿಲ್ಲ. ಮೂರು ದಿನ ನೋಡಿ ಕಾಲು ತೆಗೆಯಬೇಕಾಗುತ್ತದೆ ಎಂದರು ಸರ್ಜನ್.

"ಮೂರು ದಿನ ಅದಾವಲ್ರೀ ಅಕ್ಕಾರ, ಹುಡುಕ್ರಿ," ಅಂದಳು ನೀಲವ್ವ.

ಲ್ಯಾಬಿನ ರಜಿಯಾ ಬೇಗಂ ಅವರದೊಂದು ನಂಬಿಕೆ: ರೋಗಾಣು ಇರುವ ಕಡೆಯೇ ಅದನ್ನು ನುಂಗುವುದೂ ಇರುತ್ತದೆ. ಇಬ್ಬರೂ ಸೀರೆ ಎತ್ತಿಕಟ್ಟಿ ಆಸ್ಪತ್ರೆಯ ಚರಂಡಿಗೆ ಇಳಿದೆವು. ನಲವತ್ತೆರಡು ಕಡೆಯ ನೀರು ತಂದು ರೋಗಾಣು ಬೆಳೆಸಿದ ತಟ್ಟೆಗಳಿಗೆ ಹನಿಸಿದೆವು. ಮೂರನೆಯ ಬೆಳಗ್ಗೆ ಒಂದು ತಟ್ಟೆಯ ಮಬ್ಬು ಪೊರೆಯ ನಡುವೆ ಸಾಸಿವೆ ಕಾಳಿನಷ್ಟು ತಿಳಿಯಾದ ಜಾಗ. ರಜಿಯಾ ನನ್ನ ಕೈ ಹಿಡಿದುಕೊಂಡರು.

"ನೋಡ್ರಿ, ತಿಂದೈತಿ," ಅಂದರು. ಅವರ ಕಣ್ಣು ತುಂಬಿತ್ತು.

ಅದನ್ನು ಬೆಳೆಸಿ, ಸೋಸಿ, ಸಂಜೆಯೊಳಗೆ ಗಾಯಕ್ಕೆ ಹಾಕಿದೆವು. ಎರಡು ದಿನದಲ್ಲಿ ಜ್ವರ ಇಳಿಯಿತು, ವಾರದಲ್ಲಿ ಕೆಂಪು ಮಾಂಸ ಕೂಡಿತು. ನಿನ್ನೆ ನೀಲವ್ವ ತನ್ನೆರಡು ಕಾಲ ಮೇಲೆ ಗೇಟಿನ ತನಕ ನಡೆದಳು. ಇಡೀ ವಾರ್ಡು ಚಪ್ಪಾಳೆ ತಟ್ಟುತ್ತ ಹಿಂದೆ ಹೊರಟರೆ, ಹಾದಿ ಬಿಡಿರೆಂದು ನಮ್ಮನ್ನೇ ಗದರಿದಳು. ಆ ನುಂಗುಳಿ ಈಗ ಎಲ್ಲ ಜಿಲ್ಲೆಗಳಿಗೂ ಹೋಗಿದೆ, ಅವಳದೇ ಹೆಸರಿನಲ್ಲಿ. ನಿನ್ನೆಯೇ ಬೀದರಿನಲ್ಲಿ ಒಬ್ಬ ಬಾಣಂತಿಯನ್ನು ಉಳಿಸಿತಂತೆ.

ಗೆಲುವು ನಮ್ಮದಾಗಿದೆ, ನಂಬಿ. ಆದರೆ ಅದು ಇಲ್ಲಿಗೆ ಬರುವಷ್ಟರಲ್ಲಿ ಎಷ್ಟೋ ಜನ ಪ್ರಾಣ ಬಿಟ್ಟರು, ಅವರಲ್ಲಿ ಹಲವರು ಈಗ ನಿಮ್ಮ ವಾರ್ಡುಗಳಲ್ಲಿ ಇನ್ನೂ ಜೀವದಿಂದಿದ್ದಾರೆ. ಬೇಡದ ಔಷಧ ಕೊಟ್ಟು ರೋಗಾಣುವನ್ನು ಗಟ್ಟಿಮಾಡಬೇಡಿ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕೈ ತೊಳೆದುಕೊಳ್ಳಿ.

ನಿಮ್ಮವಳೇ ಆದ,
ಗಂಗಮಾಳವ್ವ