ಒಂಬತ್ತರಲ್ಲಿ ಐದನೆಯವಳು

ಅಧ್ಯಾಪಕರ ಕೊಠಡಿ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೨, ಮಂಗಳವಾರ, ಎರಡನೇ ಪಿರಿಯಡ್ ಬಿಡುವು

ನನ್ನ ಅಕ್ಕಾ (ಊರಿಗೆಲ್ಲ ನೀನು ಸಿಸ್ಟರ್ ಆಗಿರಬಹುದು, ಹಾಗೆ ಬರೆಯುವುದು ನನ್ನಿಂದಾಗದು),

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ ಎಂದು ಹೋದ ಪತ್ರದಲ್ಲಿ ನೀನು ಬರೆದಿದ್ದೆ. ಮಂಡಿಯೂರಿ ಮಂಡಿಯೂರಿ ಸವೆಸಿಕೊಂಡಿದ್ದೀಯ ಅಷ್ಟೆ. ಕುರ್ಚಿಯಲ್ಲಿ ಕುಳಿತು ಪ್ರಾರ್ಥಿಸಿದರೆ ದೇವರೇನು ಹಾಜರಿ ಹಾಕದೆ ಬಿಡುವುದಿಲ್ಲ. ನಿಮ್ಮ ಕಾನ್ವೆಂಟಿನ ಮದರ್ ಈಗಲೂ ಪತ್ರಗಳನ್ನು ಒಡೆದು ಓದುತ್ತಾರೆಯೇ? ಹಾಗಿದ್ದರೆ, ಮದರ್, ನಿಮಗೂ ನಮಸ್ಕಾರ. ಮುಂದಿನದನ್ನು ದಯವಿಟ್ಟು ಕುಳಿತುಕೊಂಡು ಓದಿ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಚೆನ್ನಾಗಿಲ್ಲ. ಕುಳಿತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಮ್ಮ ವಿಶ್ವವಿದ್ಯಾಲಯಕ್ಕೆ ಈ ವರ್ಷ ಇದ್ದಕ್ಕಿದ್ದಂತೆ ತಾನು ಕಥೋಲಿಕ ಸಂಸ್ಥೆ ಎಂಬುದು ನೆನಪಾಗಿದೆ. ಪ್ರತಿ ವಿಭಾಗದಲ್ಲೂ ಅಧ್ಯಾಪಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಥೋಲಿಕರಿರಬೇಕಂತೆ. ಎಲ್ಲರಿಗೂ ಒಂದೊಂದು ಫಾರ್ಮು ಕೊಟ್ಟಿದ್ದಾರೆ. ‘ನಾನು ಕಥೋಲಿಕ ವಿಶ್ವಾಸದಲ್ಲಿ ಬಾಳುತ್ತಿದ್ದೇನೆ’ ಎಂಬ ಒಂದು ಸಾಲು, ಅದರ ಮುಂದೆ ಹೌದು, ಇಲ್ಲ ಎಂದು ಎರಡು ಚೌಕ. ನಮ್ಮ ತತ್ವಶಾಸ್ತ್ರ ವಿಭಾಗದಲ್ಲಿ ಇರುವುದು ಒಂಬತ್ತು ಜನ. ನಾಲ್ವರು ಹೌದು ಎಂದು ಕೊಟ್ಟಾಯಿತು, ನಾಲ್ವರು ಇಲ್ಲ ಎಂದು ಕೊಟ್ಟಾಯಿತು. ಉಳಿದವಳು ನಾನೊಬ್ಬಳು. ಮುಖ್ಯಸ್ಥರಿಗೆ ನನ್ನ ಬಗ್ಗೆ ಅನುಮಾನವೇ ಇಲ್ಲ. “ನಿಮ್ದೇನಮ್ಮ, ಅಕ್ಕ ಸಿಸ್ಟರು, ಕಣ್ಮುಚ್ಚಿ ಟಿಕ್ ಹಾಕಿ” ಅಂದರು. ಆ ಮನುಷ್ಯ ಚರ್ಚಿನ ಮೆಟ್ಟಿಲು ಹತ್ತುವುದು ಯಾರದಾದರೂ ಮದುವೆ ಊಟವಿದ್ದಾಗ ಮಾತ್ರ. ಆದರೂ ಹೌದು ಎಂದು ಹಾಕಲು ಅವರು ಹಿಂದೆಮುಂದೆ ನೋಡಲಿಲ್ಲ. ನಾನು ಯಾಕೆ ನೋಡಬೇಕು ಹೇಳು?

ನಿನ್ನಿಂದ ಮುಚ್ಚಿಟ್ಟ ಸಂಗತಿ ಒಂದಿದೆ. ಅಮ್ಮ ಹೋದ ಮೇಲೆ, ಈ ಮೂರು ವರ್ಷ, ನಾನು ಪರಮಪ್ರಸಾದ ತೆಗೆದುಕೊಂಡಿಲ್ಲ. ಇಲ್ಲಿ ತಿಂಗಳ ಮೊದಲ ಶುಕ್ರವಾರ ಅಧ್ಯಾಪಕರೆಲ್ಲ ಚಾಪೆಲಿನ ಬಲಿಪೂಜೆಗೆ ಬರಬೇಕು. ಜನ ಪ್ರಸಾದಕ್ಕೆ ಸಾಲಾಗಿ ಎದ್ದು ಪೀಠದ ಕಡೆ ಹೊರಟಾಗ ನಾನು ಫೋನು ಕಿವಿಗಿಟ್ಟುಕೊಂಡು, ಮನೆಯಿಂದ ತುರ್ತು ಕರೆ ಬಂದವಳಂತೆ ಹೊರಗೆ ಓಡುತ್ತೇನೆ. ಮೂರು ವರ್ಷದಿಂದ ಇದೇ ನಾಟಕ! ಚಾಪೆಲ್ ಗುಡಿಸುವ ಅಜ್ಜಿ ಮೊನ್ನೆ ನನ್ನ ಕೈ ಹಿಡಿದು “ಮನೇಲಿ ಯಾರಿಗಮ್ಮಾ ಅಷ್ಟೊಂದು ಹುಷಾರಿಲ್ಲ? ನಾನು ಪ್ರತಿ ಸಲಾನೂ ಅವರಿಗೋಸ್ಕರ ಒಂದು ಮೇಣದಬತ್ತಿ ಹಚ್ತಿದ್ದೀನಿ” ಅಂದಳು. ಇಲ್ಲದ ರೋಗಿಗೆ ಮೂರು ವರ್ಷ ಮೇಣದಬತ್ತಿ ಉರಿದಿದೆ, ಅಕ್ಕಾ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದೇ ಮಧ್ಯಾಹ್ನ ಮೊದಲ ವರ್ಷದವರಿಗೆ ‘ಸತ್ಯ ನುಡಿಯುವ ಹೊಣೆ’ ಎಂಬ ಪಾಠ ಮಾಡಿದೆ, ಟಿಪ್ಪಣಿ ನೋಡದೆ.

ಯಾಕೆ ಹೀಗಾಯಿತು ಎಂದು ಕೇಳುತ್ತೀಯ. ಅಮ್ಮನ ಶವಪೆಟ್ಟಿಗೆಯ ಪಕ್ಕ ನಿಂತು ನೀನು “ದೇವರ ಚಿತ್ತ ಕಣೇ” ಅಂದೆ. ಅಮ್ಮ ಹನ್ನೊಂದು ತಿಂಗಳು ನರಳಿದ್ದನ್ನು ಪಕ್ಕದಲ್ಲಿ ಕುಳಿತು ನೋಡಿದವಳು ನಾನು. ನೀನು ರಜೆ ಸಿಕ್ಕಾಗ ಎರಡು ಸಲ ಬಂದು ಹೋದವಳು. ಆ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಕೋಪ ದೇವರ ಮೇಲೋ ನಿನ್ನ ಮೇಲೋ ಇಂದಿಗೂ ಬಿಡಿಸಿ ಹೇಳಲಾರೆ. ಈಗಲೂ ಪ್ರಾರ್ಥನೆಗೆ ಕುಳಿತರೆ ಪದಗಳು ತಾವಾಗಿ ಬಾಯಿಗೆ ಬರುತ್ತವೆ, ಆದರೆ ಆ ಕಡೆ ಕೇಳುವವರು ಯಾರೂ ಇಲ್ಲ ಅನ್ನಿಸುತ್ತದೆ.

ಹಾಗಾದರೆ ಇಲ್ಲ ಎಂದು ಹಾಕಿ ಕೈತೊಳೆದುಕೋ ಅನ್ನಬಹುದು ನೀನು. ಅಲ್ಲೇ ಇರುವುದು ಗಂಟಲ ಮುಳ್ಳು. ನಾನು ಇಲ್ಲ ಎಂದರೆ ಲೆಕ್ಕ ನಾಲ್ಕಕ್ಕೇ ನಿಲ್ಲುತ್ತದೆ. ಕೆಲಸ ಖಾಯಂ ಆದ ನನ್ನನ್ನು ಅವರು ಮುಟ್ಟುವಂತಿಲ್ಲ; ಖಾಯಂ ಆಗದ ಒಬ್ಬರನ್ನು ಕಳಿಸಿ, ಆ ಜಾಗಕ್ಕೆ ಕಥೋಲಿಕರನ್ನು ತಂದು ಐದು ಮಾಡುತ್ತಾರೆ. ಖಾಯಂ ಆಗದವರು ನಮ್ಮ ತರ್ಕಶಾಸ್ತ್ರದ ಮೇಡಂ ಒಬ್ಬರೇ. ಬೇರೆ ಧರ್ಮದವರು, ಆರು ವರ್ಷದಿಂದ ಇಲ್ಲಿದ್ದಾರೆ. ಚಾಪೆಲಿನ ಕೊನೆಯ ಬೆಂಚಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾರೆ, ಅಲ್ಲಾದರೆ ಯಾರೂ ಮಾತಾಡಿಸುವುದಿಲ್ಲವಂತೆ. ಕೀರ್ತನೆ ಶುರುವಾದರೆ ನಮ್ಮವರು ಪುಸ್ತಕದಲ್ಲಿ ಪುಟ ಹುಡುಕುವಷ್ಟರಲ್ಲಿ ಅವರು ಎರಡನೇ ಚರಣದಲ್ಲಿರುತ್ತಾರೆ. ನನ್ನ ಫೋನು ಒಂದು ದಿನವೂ ರಿಂಗಾಗಿಲ್ಲ ಎಂದು ಗೊತ್ತಿರುವುದೂ ಅವರಿಗೊಬ್ಬರಿಗೇ. ನಿನ್ನೆ ನನ್ನನ್ನು ಪಕ್ಕಕ್ಕೆ ಕರೆದು “ನನಗೋಸ್ಕರ ಹೌದು ಅಂತ ಹಾಕ್ಬೇಡಿ. ಆಮೇಲೆ ನನ್ನ ಮುಖ ನೋಡಿದಾಗಲೆಲ್ಲ ನಿಮಗೆ ಆ ಸುಳ್ಳೇ ಕಾಣುತ್ತೆ” ಅಂದರು. ಅಷ್ಟು ಹೇಳಿ ಹೋಗಿದ್ದರೆ ಆಗುತ್ತಿತ್ತು, “ಊಟ ಮಾಡಿದ್ರಾ?” ಅಂತಲೂ ಕೇಳಿದರು. ನನಗೆ ಅಳು ಬಂತು.

ನನ್ನ ಮೊದಲ ಪಾಪನಿವೇದನೆ ನೆನಪಿದೆಯಾ? ಹೇಳಲು ಒಂದು ಪಾಪವೂ ಇಲ್ಲವಲ್ಲ ಎಂದು ನಾನು ಸಾಲಿನಲ್ಲಿ ನಿಂತು ಅಳುತ್ತಿದ್ದೆ. ನೀನು ಹಿಂದಿನಿಂದ “ಅಳ್ಬೇಡ್ವೇ, ನನ್ನ ಹತ್ರ ಜಾಸ್ತಿ ಇದೆ, ಎರಡು ತಗೋ” ಅಂದೆ. ಸಕ್ಕರೆ ಕದ್ದದ್ದು ಒಂದು, ಅಪ್ಪನ ಕನ್ನಡಕ ಒಡೆದು ಬೆಕ್ಕಿನ ತಲೆಗೆ ಕಟ್ಟಿದ್ದು ಇನ್ನೊಂದು. ಫಾದರ್ ನನಗೆ ಪ್ರಾಯಶ್ಚಿತ್ತವೆಂದು ಹತ್ತು ಪ್ರಾರ್ಥನೆ ವಿಧಿಸಿದರು. ಅದರಲ್ಲಿ ಐದನ್ನು ನೀನೇ ನನ್ನ ಪಕ್ಕ ಮಂಡಿಯೂರಿ ಹೇಳಿ ಮುಗಿಸಿದೆ. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಇದು ನೆನಪಾದರೆ ನಗು ತಡೆಯಲಾಗುವುದಿಲ್ಲ.

ಗಂಟೆ ಹೊಡೆಯಿತು, ಪಾಠಕ್ಕೆ ಓಡಬೇಕು. ಫಾರ್ಮು ಇನ್ನೂ ಖಾಲಿ, ಚೀಲದಲ್ಲೇ ಇದೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಆಸ್ಪತ್ರೆಯಲ್ಲಿ ನೀನು ನೋಡಿಕೊಳ್ಳುವ ರೋಗಿಗಳೆಲ್ಲ ಬೇಗ ಎದ್ದು ಓಡಾಡಲಿ. ಮದರ್‌ಗೆ ಇನ್ನೊಮ್ಮೆ ನಮಸ್ಕಾರ.

ಚಿಕ್ಕಂದಿನಿಂದ ನಿನ್ನ ಹಿಂದೆಯೇ ಸುತ್ತಿದ
ಬಾಲ

ತಾ.ಕ.: ಪಾಠ ಮುಗಿಸಿ ನೇರ ಆಫೀಸಿಗೆ ಹೋಗಿ ‘ಇಲ್ಲ’ ಎಂದು ಗುರುತು ಹಾಕಿ ಕೊಟ್ಟುಬಿಟ್ಟೆ. ಜೊತೆಗೆ ರಾಜೀನಾಮೆಯನ್ನೂ ಕೊಟ್ಟೆ. ನನ್ನ ಕುರ್ಚಿಗೆ ನಿಜವಾಗಿ ನಂಬುವವರೊಬ್ಬರು ಬಂದರೆ ಐದಾಗುತ್ತದೆ, ತರ್ಕದ ಮೇಡಂ ಉಳಿಯುತ್ತಾರೆ. ಚಾಪೆಲ್ ಅಜ್ಜಿಗೂ ನಿಜ ಹೇಳಿದೆ. “ಹಾಗಾದ್ರೆ ಇನ್ಮೇಲೆ ನಿನಗೇ ಹಚ್ತೀನಿ ಬಿಡು” ಅಂದಳು. ಡೀನ್ ಫಾದರ್ ಇದೆಲ್ಲ ಒಂದು ಗಳಿಗೆಯ ಸಿಟ್ಟು ಅಂದುಕೊಂಡಿದ್ದಾರೆ. ಮುಂದಿನ ಸೋಮವಾರ ನಿನಗೆ ಫೋನ್ ಮಾಡಿ, ನಿಮ್ಮ ತಂಗಿಗೆ ವಿಶ್ವಾಸ ಇದೆ ತಾನೇ ಎಂದು ಕೇಳುತ್ತಾರಂತೆ. ನೀನು ಇದೆ ಅಂದರೆ ಎರಡೂ ಕಾಗದ ಹರಿದು ಹಾಕುತ್ತಾರೆ, ನಾನು ಮತ್ತೆ ಫೋನು ಹಿಡಿದು ಓಡಬೇಕಾಗುತ್ತದೆ. ಇದೆ ಅನ್ನಬೇಡ ಅಕ್ಕಾ. ಈ ಸಲದ ಪಾಪ ನಿನ್ನ ಹತ್ತಿರ ಇಸಕೊಂಡದ್ದಲ್ಲ, ನನ್ನದೇ. ಐದು ನೀನು ಹೇಳಬೇಡ. ಹತ್ತೂ ನಾನೇ ಹೇಳುತ್ತೇನೆ.