ಬುಧವಾರದ ಬಾಣಂತಿಯರು

ಸ್ಕಲ್ಲಿ ಕೋವ್
ನವೆಂಬರ್ ೬

ನನ್ನ ಕೊಲೆಟ್,

ಆಸ್ಪತ್ರೆಯಿಂದ ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. "ಟ್ರೂಡಿ, ಆ ಶನಿವಾರ ನಾನೇನು ಮಾಡಿದೆ? ನನಗೊಂದೂ ನೆನಪಿಲ್ಲ. ಡಾಕ್ಟರು 'ನಿಮಗೆ ಹುಷಾರಿರಲಿಲ್ಲ' ಅಂತಾರೆ, ಜೆರೋಮ್ 'ಆ ಮಾತು ಬಿಡು' ಅಂತಾನೆ. ಅಲ್ಲಿದ್ದವಳು ನೀನು, ನೀನಾದ್ರೂ ಹೇಳು" ಎಂದು ಕೇಳಿದ್ದೀಯ. ಓದಿದ ತಕ್ಷಣ ಅದನ್ನು ಒಲೆಗೆ ತುರುಕಿದೆ. ಮರುಗಳಿಗೆಯೇ ಬೆರಳು ಸುಟ್ಟುಕೊಂಡು ಹೊರಗೆಳೆದೆ. ಈ ತಿಂಗಳ ಇಪ್ಪತ್ತಕ್ಕೆ ನಿನ್ನ ಮಗಳು ಈಡಿತ್‌ಳನ್ನು ನೀನು ನೋಡಬಹುದೋ ಇಲ್ಲವೋ ಎಂದು ಕೋರ್ಟು ತೀರ್ಮಾನಿಸುತ್ತದಂತೆ. ನಿನ್ನ ಗಂಡ ಜೆರೋಮನೇ ಬೇಡವೆನ್ನುತ್ತಿದ್ದಾನೆ. ಅವನು ಹಾಗೆನ್ನಲು ಕಾರಣ ನಾನು ಹೇಳಿದ ಮಾತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ನಾನೆಂಥವಳೆಂದು ನೆನಪು ಮಾಡಿಕೊ. ನನ್ನ ಮಗ ಆಲ್ಫಿ ಹುಟ್ಟಿ ಮೂರು ತಿಂಗಳಾಗುವಷ್ಟರಲ್ಲಿ ಅಡುಗೆಮನೆಯ ಎರಡು ಕಿಟಕಿ ಒಡೆದಿದ್ದೆ. ನನ್ನ ಗಂಡ ಗಾರ್ಡನ್ ಮೇಲೆ ಕಬ್ಬಿಣದ ಬಾಣಲೆ ಎಸೆದೆ, ಅದು ಅವನ ಹೆಗಲಿಗೆ ಬಿತ್ತು. ಮಾರನೆಯ ದಿನ ಆಲ್ಬರ್ಟಾದ ಎಣ್ಣೆ ಬಾವಿಯ ಕೆಲಸಕ್ಕೆ ವಿಮಾನ ಹತ್ತುವಾಗ ಅವನ ಮುಖದಲ್ಲಿ ಜೈಲಿನಿಂದ ಬಿಟ್ಟವನ ಕಳೆಯಿತ್ತು. ನಮ್ಮತ್ತೆಯಂತೂ ಕೇಳಲೇಬೇಡ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನೀನು ನೋಡಿದ್ರೆ ಬಂಗಾರದಂಥ ಮಗು ಇಟ್ಕೊಂಡು ಮೂತಿ ಊದಿಸ್ಕೊಂಡು ಕೂತಿದೀಯಲ್ಲೇ" ಎಂದು ದಿನಕ್ಕೆರಡು ಸಲ ಚುಚ್ಚುತ್ತಿದ್ದಳು. ಅವಳ ಬಾಯಿಗೆ ಒಲೆಯ ಕೆಂಡ ತುಂಬಬೇಕೆನಿಸುತ್ತಿತ್ತು. ನರ್ಸ್ ಡಾಫ್ನಿ ಮನೆಗೆ ಬಂದು, ಒಡೆದ ಕಿಟಕಿಗೆ ಹೊಡೆದಿದ್ದ ರಟ್ಟು ನೋಡಿ, ನನ್ನ ತೋಳು ಹಿಡಿದು ಚರ್ಚಿನ ಹಾಲಿಗೆ ಕರೆದುಕೊಂಡು ಹೋದಳು. ಪ್ರತಿ ಬುಧವಾರ ಎರಡು ಗಂಟೆಗೆ ಐದು ಜನ ಬಾಣಂತಿಯರು ಅಲ್ಲಿ ವೃತ್ತವಾಗಿ ಕೂರುತ್ತಿದ್ದೆವು.

ಅಲ್ಲಿ ಇದ್ದದ್ದು ಎರಡೇ ನಿಯಮ. ಯಾರೂ ಯಾರಿಗೂ ಬುದ್ಧಿ ಹೇಳಬಾರದು, ಒಳಗಿನ ಮಾತು ಹೊಸಿಲು ದಾಟಬಾರದು. ಮೊದಲ ದಿನ ನಾನು ನೆಲ ನೋಡಿಕೊಂಡು ಒದರಿಬಿಟ್ಟೆ. ಹನ್ನೊಂದು ವರ್ಷ ಮೀನು ಸೀಳಿದ ಕೈ ನನ್ನದು, ಚಾಕು ಕಂಡರೆ ಸಾಕು, ಕಣ್ಣ ಮುಂದೆ ಹಲಗೆಯ ಮೇಲೆ ಆಲ್ಫಿ ಮಲಗಿದ್ದಾನೆ, ಕಿವಿಯ ಕೆಳಗಿಂದ ಅಲಗು ಇಳಿಯುತ್ತಿದೆ, ರಕ್ತ ಮೊಣಕೈವರೆಗೆ ಬಂದಿದೆ ಎಂದೆ. ಈಗ ಪೊಲೀಸರನ್ನು ಕರೆಯುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನೀಟಾಗಿ ತಲೆ ಬಾಚಿಕೊಂಡು ಬಂದಿದ್ದ ನೀನು, ನಿನ್ನ ಚಹಾದ ಮಗ್ಗನ್ನು ಮೇಜಿಗೆ ಧಡ್ ಎಂದು ಕುಟ್ಟಿದೆ. "ನಂಗೂ ಕಣೇ! ನಂದು ಮೆಟ್ಲು. ದಿನಕ್ಕೆ ಮೂರು ಸಲ ಎಸೀತೀನಿ. ತಲೆ ಒಡೆಯೋ ಸದ್ದೂ ಕೇಳ್ಸುತ್ತೆ" ಎಂದೆ. ಆಮೇಲೆ ರೊವೀನಾ ಕುಟ್ಟಿದಳು, ಉಳಿದಿಬ್ಬರೂ ಕುಟ್ಟಿದರು. ನಾನು ಹೋ ಎಂದು ಅತ್ತೆ. ಆ ಸದ್ದು ಕೇಳದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ ಕೊಲೆಟ್, ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಇಂಥ ಯೋಚನೆಗಳು ಎಷ್ಟೋ ಬಾಣಂತಿಯರಿಗೆ ಬರುತ್ತವೆ, ಬಂದಾಗ ಮೈ ನಡುಗುತ್ತದಲ್ಲ, ಆ ನಡುಕವೇ ನಿಮ್ಮ ತಾಯ್ತನ ಎಂದು ಡಾಫ್ನಿ ಬಿಡಿಸಿ ಹೇಳಿದಳು. ಅವತ್ತಿನಿಂದ ಮಗ್ ಕುಟ್ಟುವುದು ನಮ್ಮ ಪದ್ಧತಿಯಾಯಿತು. ಯಾರು ಎಷ್ಟು ಘೋರವಾದದ್ದು ಹೇಳಿದರೂ ಧಡ್, ನಂಗೂ. ಬರಬರುತ್ತಾ ನಮಗೆ ಅದೇ ಚಾಳಿಯಾಗಿ, ಗಂಡಸರು ಹಿಡಿದ ಮೀನಿನ ಉದ್ದ ಹೇಳಿಕೊಳ್ಳುವಂತೆ ಪೈಪೋಟಿಗೆ ಬಿದ್ದೆವು. ಕಿವಿ ಮುಚ್ಚಿಕೊಂಡು ಕೈ ಮಾತ್ರ ಆಡಿಸುವುದನ್ನು ಕಲಿತೆವು.

ಕಳೆದ ವರ್ಷ ಏಪ್ರಿಲ್‌ನ ಆ ಬುಧವಾರ ಹಿಮ ಬಿದ್ದು ರಸ್ತೆ ಮುಚ್ಚಿ ಡಾಫ್ನಿ ಬರಲಿಲ್ಲ. ನಾವೇ ಕೂತೆವು. ನಿನ್ನ ಸರದಿ ಬಂದಾಗ ನೀನು ಹೇಳಿದೆ, "ಇವಳು ಈಡಿತ್ ಅಲ್ಲ. ಸಣ್ಣ ಮಂದಿ ಬದಲಾಯಿಸಿದಾರೆ. ಇವಳನ್ನ ನೀರಿಗೆ ಕೊಟ್ರೆ ನನ್ನವಳನ್ನ ವಾಪಸ್ ಕೊಡ್ತಾರೆ." ನಮ್ಮೂರಲ್ಲಿ ರಚ್ಚೆ ಹಿಡಿದ ಮಗುವಿಗೆಲ್ಲ ಅಜ್ಜಿಯರು ಹೇಳುವುದು ಇದನ್ನೇ ಅಲ್ಲವೇ? ಕಾಡಿನ ಸಣ್ಣ ಮಂದಿ ನಿಜವಾದ ಮಗುವನ್ನು ಹೊತ್ತೊಯ್ದು ತಮ್ಮದನ್ನು ಬಿಟ್ಟಿದ್ದಾರೆ ಎಂದು. ಅದಕ್ಕೇ ತೊಟ್ಟಿಲಲ್ಲಿ ಒಣ ಬ್ರೆಡ್ಡಿನ ತುಂಡು ಇಡುತ್ತೇವೆ. ಅದನ್ನು ನಂಬುವವರು ಯಾರೂ ಇಲ್ಲ, ಇಡದವರೂ ಯಾರೂ ಇಲ್ಲ.

ನಾನೇ ಮೊದಲು ಕುಟ್ಟಿದೆ. "ನಂದನ್ನೂ ಬದಲಾಯಿಸಿದಾರೆ ಕಣೇ, ಹಾಳಾದೋರು! ಹೋಗೋವಾಗ ಕೂಗು, ನಂದನ್ನೂ ತರ್ತೀನಿ, ಎರಡನ್ನೂ ಒಟ್ಟಿಗೆ ಮುಳುಗ್ಸಿ ಬರೋಣ" ಎಂದೆ. ರೊವೀನಾ ನಕ್ಕೂ ನಕ್ಕೂ ಚಹಾ ಚೆಲ್ಲಿಕೊಂಡಳು. ನಾಲ್ಕೂ ಮಗ್ಗುಗಳು ಕುಟ್ಟಿದವು. ನೀನು ಮಾತ್ರ ನಗಲಿಲ್ಲ. ಮೆಟ್ಟಿಲಿನ ಮಾತು ಹೇಳುವಾಗ ನಿನ್ನ ತುಟಿ ಅದುರುತ್ತಿತ್ತು. ಇದನ್ನು ಹೇಳುವಾಗ ಅದುರಲಿಲ್ಲ, ನಾಳೆ ಗಾಳಿ ಯಾವ ಕಡೆಯಿಂದ ಎನ್ನುವ ಹಾಗೆ ಹೇಳಿದೆ. ನಮಗೆ ಬರುತ್ತಿದ್ದದ್ದು ಭಯ, ನಿನಗೆ ಹತ್ತಿದ್ದದ್ದು ಬಾಣಂತಿ ಸನ್ನಿ. ಆ ವ್ಯತ್ಯಾಸ ಕಾಣಲು ಒಬ್ಬಳು ನಿನ್ನ ಮುಖ ನೋಡಿದ್ದರೆ ಸಾಕಿತ್ತು. ನೀನು ನಮ್ಮೆಲ್ಲರ ಕಡೆ ನೋಡಿ, ಅಪ್ಪಣೆ ಸಿಕ್ಕವಳಂತೆ ತಲೆಯಾಡಿಸಿದೆ.

ಶನಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಆಲ್ಫಿಯನ್ನು ಗಾಡಿಯಲ್ಲಿ ತಳ್ಳಿಕೊಂಡು ಅಂಗಡಿಗೆ ಹೊರಟಿದ್ದೆ. ನೀನು ಮನೆಯ ಚಪ್ಪಲಿಯಲ್ಲೇ ದೋಣಿಕಟ್ಟೆಯ ಕಡೆ ನಡೆಯುತ್ತಿದ್ದೆ. ನಾಲ್ಕು ತಿಂಗಳ ಈಡಿತ್ ನಿನ್ನ ಎದೆಯಲ್ಲಿದ್ದಳು. ನೀರಿಗೆ ಕೊಡುತ್ತೇನೆಂದ ನಿನ್ನ ಬುಧವಾರದ ಮಾತು ಆಗ ನೆನಪಾಯಿತು. ಗಾಡಿಯನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿದೆ. ನೀನು ಕಟ್ಟೆಯ ತುದಿಯಲ್ಲಿ ನಿಂತು ನೀರು ನೋಡುತ್ತಿದ್ದೆ. ನಿನ್ನನ್ನು ಹೆಸರು ಹಿಡಿದು ಕೂಗಬಹುದಿತ್ತು. ಕೂಗಲಿಲ್ಲ. ಹಿಂದಿನಿಂದ ಬಂದು ಜುಟ್ಟು ಹಿಡಿದೆಳೆದು, ತಿರುಗಿದ ಮುಖಕ್ಕೆ ಮುಷ್ಟಿಯಿಂದ ಗುದ್ದಿದೆ. ನೀನು ಮಗುವನ್ನು ಬಿಡಲಿಲ್ಲ. ನನ್ನ ಹೆಬ್ಬೆರಳನ್ನು ಕಚ್ಚಿದೆ, ಹಲ್ಲು ಮೂಳೆಗೆ ತಾಗಿತು. ನಾನು ಮತ್ತೆ ಗುದ್ದಿದೆ. ನಿನ್ನ ದವಡೆ ಮುರಿದದ್ದು ನನ್ನ ಕೈಗೆ ಗೊತ್ತಾಯಿತು, ಆದರೂ ಇನ್ನೊಂದು ಹೊಡೆದೆ. ನಿಜ ಹೇಳುತ್ತೇನೆ, ಮೂರನೆಯ ಏಟು ಮಗುವನ್ನು ಉಳಿಸಲಿಕ್ಕಲ್ಲ. ಅದು ನಮ್ಮತ್ತೆಗೆ, ಗಾರ್ಡನ್‌ಗೆ, ನಿದ್ದೆಯಿಲ್ಲದ ಅಷ್ಟೂ ದಿನಗಳಿಗೆ ಕೂಡಿಟ್ಟಿದ್ದ ಏಟು. ಅದನ್ನು ನಿನಗೆ ಹೊಡೆದೆ.

ಆ ಏಟಿಗೆ ನಿನ್ನ ತೋಳು ಸಡಿಲಾಯಿತು, ಈಡಿತ್ ನೀರಿಗೆ ಬಿದ್ದಳು.

ನೀನು ಎಸೆಯಲಿಲ್ಲ. ಎಸೆಯುತ್ತಿದ್ದೆಯೇನೋ, ನನಗೆ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವುದೂ ಇಲ್ಲ. ಬೀಳಿಸಿದವಳು ನಾನು. ಬೀಳಿಸಿ ಮರದ ಹಾಗೆ ನಿಂತುಬಿಟ್ಟೆ. ನೀನು ನನ್ನ ಕಡೆ ತಿರುಗಿಯೂ ನೋಡದೆ ಧುಮುಕಿದೆ. ಮಂಜುಗಡ್ಡೆಯ ಚೂರುಗಳು ತೇಲುತ್ತಿದ್ದ ಆ ನೀರಿನಲ್ಲಿ ಎರಡು ಸಲ ಮುಳುಗಿದೆ. ಮೂರನೆಯ ಸಲ ಮೇಲೆ ಬಂದಾಗ ಒಂದು ಕೈ ಕಟ್ಟೆಗೆ ಕಟ್ಟಿದ್ದ ಟೈರು ಹಿಡಿದಿತ್ತು, ಇನ್ನೊಂದು ಕೈಯಲ್ಲಿ ಈಡಿತ್ ಇದ್ದಳು. ಬಾಯಿಂದ ರಕ್ತ ಸುರಿಯುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ತೋಳು ಪೂರ್ತಿ ಚಾಚಿ ಅವಳನ್ನು ಮೇಲಕ್ಕೆ ಹಿಡಿದೆ. ನಾನು ಬೋರಲು ಮಲಗಿ ತೆಗೆದುಕೊಂಡೆ. ತೆಗೆದುಕೊಂಡು ನಿನ್ನನ್ನು ನೀರಿನಲ್ಲೇ ಬಿಟ್ಟು ಓಡಿದೆ.

ಎದುರಿಗೆ ಸಿಕ್ಕವನು ಮುದುಕ ಆ್ಯಂಬ್ರೋಸ್. ಒದ್ದೆ ಮಗು, ರಕ್ತ ಸುರಿಯುವ ನನ್ನ ಕೈ ನೋಡಿ, "ಅಯ್ಯೋ ದೇವ್ರೇ, ನೀನು ಉಳಿಸಿದೆಯೇನೇ?" ಎಂದ. ಮಗು ಕೆಮ್ಮಿ ಅಳುತ್ತಿತ್ತು. ನಾನು ಹೂಂ ಎಂದೆ. ಅಷ್ಟೇ ಕೊಲೆಟ್, ಆ ಒಂದು ಹೂಂ. ನಿನ್ನನ್ನು ಮೇಲೆಳೆದವರು ಅವನು ಮತ್ತು ಅವನ ಮಕ್ಕಳು. ಪೊಲೀಸರಿಗೆ, "ತಡೆಯಲು ಹೊಡೆದೆ, ಆದರೂ ಅವಳು ಎಸೆದು ತಾನೂ ಹಾರಿದಳು, ಮಗುವನ್ನು ನಾನು ತೆಗೆದೆ" ಎಂದು ಸಹಿ ಹಾಕಿದೆ. ಬುಧವಾರ ಏನಾದರೂ ಅಂದಿದ್ದಳಾ ಎಂದು ಕೇಳಿದಾಗ ನಾವು ನಾಲ್ವರೂ ಬಾಯಿ ಹೊಲಿದುಕೊಂಡೆವು. ಒಳಗಿನ ಮಾತು ಹೊಸಿಲು ದಾಟಬಾರದಲ್ಲ! ಎಂಥ ಒಳ್ಳೆಯ ನಿಯಮ ನೋಡು, ನಮ್ಮ ಮಾನ ಮುಚ್ಚಲಿಕ್ಕೇ ಮಾಡಿಟ್ಟಂತಿತ್ತು. ದವಡೆಗೆ ತಂತಿ ಬಿಗಿಸಿಕೊಂಡ ನಿನಗೆ ಬಾಯಿ ಬಿಡಲಾಗಲಿಲ್ಲ, ಬಿಡುವಷ್ಟರಲ್ಲಿ ನೆನಪು ಹೋಗಿತ್ತು. ಊರಿನವರು ನನಗೆ ಹಣ್ಣಿನ ಪೈ ಮಾಡಿ ತಂದುಕೊಟ್ಟರು. ತಿಂದೆ. ಒಂದೂವರೆ ವರ್ಷದಿಂದ ತಿನ್ನುತ್ತಲೇ ಇದ್ದೇನೆ.

ಈ ಕಾಗದದ ಇನ್ನೊಂದು ಪ್ರತಿಯನ್ನು ನಿನ್ನ ವಕೀಲೆಗೆ ಕಳಿಸಿದ್ದೇನೆ. ರೊವೀನಾಗೂ ಹೇಳಿದೆ. "ನಮ್ಮನ್ನೂ ಮುಳುಗಿಸ್ತೀಯಲ್ಲೇ, ಮನೆಹಾಳಿ" ಎಂದು ಕೆನ್ನೆಗೆ ಬಾರಿಸಿದಳು, ಆಮೇಲೆ ಕೂತು ಅತ್ತು, ತಾನೂ ಬರೆದುಕೊಡುತ್ತೇನೆ ಎಂದಳು. ಸುಳ್ಳು ಹೇಳಿದ್ದಕ್ಕೆ ನನ್ನನ್ನು ಏನು ಮಾಡುತ್ತಾರೋ ಮಾಡಲಿ, ಉಪ್ಪು ತಿಂದವಳು ನೀರು ಕುಡಿಯಲೇಬೇಕು. ನೀನು ಬಂದ ದಿನ ನನಗೆ ಹೊಡೆಯಬೇಕೆನಿಸಿದರೆ ಹೊಡಿ. ನಾನು ಕೈ ಅಡ್ಡ ಹಿಡಿಯುವುದಿಲ್ಲ.

ನಿನ್ನೆ ಜೆರೋಮ್‌ನ ಮನೆಗೆ ಹೋಗಿ ಎಲ್ಲ ಹೇಳಿದೆ. ಈಡಿತ್ ಒಳಗೆ ಮಲಗಿದ್ದಳು. ಅವನು ಕುರ್ಚಿಯನ್ನು ಗೋಡೆಗೆ ಅಪ್ಪಳಿಸಿ ಮುರಿದ, ಬೀರುವಿನ ಬಾಗಿಲಿಗೆ ಗುದ್ದಿ ಕೈ ಹರಿದುಕೊಂಡ. ನನ್ನನ್ನೂ ಕೊಲ್ಲುತ್ತಾನೆ ಎಂದುಕೊಂಡು ಗೋಡೆಗೊರಗಿ ನಿಂತಿದ್ದೆ. ಅವನು ನೆಲಕ್ಕೆ ಕುಸಿದು ಕೂತ. ಆಮೇಲೆ ಎಳೆ ಮಗುವಿನ ಹಾಗೆ ನನ್ನ ಮುಖ ನೋಡಿ ಕೇಳಿದ, "ಟ್ರೂಡಿ, ಅವ್ಳಿಗೆ ಈಜೋಕೇ ಬರಲ್ವಲ್ಲೇ?"

ಬರಲ್ಲ, ಎಂದೆ.

ಇಪ್ಪತ್ತನೇ ತಾರೀಖು ಅವನು ಮಗಳನ್ನು ಎತ್ತಿಕೊಂಡು ಕೋರ್ಟಿಗೆ ಬರುತ್ತಾನಂತೆ. ನಿನ್ನ ತೋಳು ತುಂಬಲಿ, ತಾಯೀ.

ಕ್ಷಮೆ ಕೇಳಲೂ ಬಾಯಿಲ್ಲದ,
ಟ್ರೂಡಿ